ನೋಟಿಸ್ ಬಂದ್ರೂ ಅಲ್ಲಾಡದ ಹೋಸ್ಟಿಂಗ್ ಎಲ್ಲಿ ಸಿಗತ್ತೆ? ಹಳೇ ಹುಡುಕಾಟದ ಹಿನ್ನೆಲೆ

ಕೋಲಾರ, ಮಾಲೂರು, ಚಿಂತಾಮಣಿ ಕಡೆ ಕೆರೆ, ಕಲ್ಲು ಕ್ವಾರಿ, ಲೇಔಟು, ಶಾಲೆ ಫೀಸು ಅಂತ ಸ್ವಲ್ಪ ಖಾರವಾಗಿ ಬರೆಯೋರು ನಾಲ್ಕು ಜನ ಸೇರಿದ್ರೆ ಈಗ ಏಳೋ ಪ್ರಶ್ನೆ ಒಂದೇ, ಲಾಯರ್ ನೋಟಿಸ್ ಬಂದ ತಕ್ಷಣ ಸೈಟ್ ಇಳಿಸದೇ ಇರೋ ಹೋಸ್ಟಿಂಗ್ (ಸೈಟ್ ಇಡೋಕೆ ಸರ್ವರ್ ಅನ್ನೋ ಕಂಪ್ಯೂಟರಲ್ಲಿ ಬಾಡಿಗೆ ಜಾಗ) ಯಾವುದು? ಒಬ್ಬ ಐಸ್‌ಲ್ಯಾಂಡ್ ಅಂತಾನೆ, ಇನ್ನೊಬ್ಬ ಅಮೆರಿಕಾ ಸಾಕು ಅಂತಾನೆ, ಮೂರನೆಯವನು ಅದೆಲ್ಲ ಯಾಕೆ ಯೂಟ್ಯೂಬಲ್ಲಿ ಹಾಕಿಬಿಡು ಅಂತಾನೆ. ಮೂರೂ ಅರ್ಧರ್ಧ ನಿಜ. ಯಾಕೆ ಅರ್ಧ ಅಂತ ತಿಳೀಬೇಕಾದ್ರೆ ಸ್ವಲ್ಪ ಹಿಂದಕ್ಕೆ ಹೋಗ್ಬೇಕು.

ಬರೆದವನನ್ನ ಬಿಟ್ಟು ಅಚ್ಚು ಹಾಕಿದವನನ್ನ ಹಿಡಿಯೋದು ಇವತ್ತಿನ ಉಪಾಯ ಅಲ್ಲ. 1860ರ ದಂಡ ಸಂಹಿತೆಯ 501ನೇ ಸೆಕ್ಷನ್ನೇ ಮಾನಹಾನಿಕರ ಅಂತ ಗೊತ್ತಿದ್ದೂ ಮುದ್ರಿಸಿದವನಿಗೆ ಎರಡು ವರ್ಷದವರೆಗೆ ಶಿಕ್ಷೆ ಇಟ್ಟಿತ್ತು, 1867ರ ಕಾಯ್ದೆ ಅಚ್ಚಾದ ಪ್ರತಿ ಪುಸ್ತಕ, ಪತ್ರಿಕೆ ಮೇಲೂ ಮುದ್ರಕನ ಹೆಸರು ಊರು ಇರ್ಲೇಬೇಕು ಅಂತು. 1908ರಲ್ಲಿ ಮೈಸೂರು ಸಂಸ್ಥಾನ ಪತ್ರಿಕೆಗಳ ಮೇಲೆ ಕಾನೂನು ತಂದಾಗ ತಾತಯ್ಯ ವೆಂಕಟಕೃಷ್ಣಯ್ಯನೋರು ಪ್ರತಿಭಟನೆ ಅಂತ ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿಬಿಟ್ರು. ಕೋಲಾರವೂ ಆಗ ಅದೇ ಸಂಸ್ಥಾನದ ಜಿಲ್ಲೆ. ಆಮೇಲೆ ಸ್ವಾತಂತ್ರ್ಯ ಬಂತು, ಆಫ್‌ಸೆಟ್ ಬಂತು, ಡಿಟಿಪಿ ಬಂತು, ಹೆದರಿಸಬೇಕಾದೋರು ಪ್ರೆಸ್ ಮಾಲೀಕನ ಹತ್ರ ಹೋಗೋದು ಮಾತ್ರ ಹಾಗೇ ಉಳೀತು.

ಇಂಟರ್ನೆಟ್ ಬಂದಾಗ ಪ್ರೆಸ್ ಮಾಲೀಕನ ಜಾಗಕ್ಕೆ ಹೋಸ್ಟಿಂಗ್ ಕಂಪನಿ ಬಂತು. 1995ರಲ್ಲಿ ನ್ಯೂಯಾರ್ಕಿನ ಕೋರ್ಟು ಪ್ರಾಡಿಜಿ ಅನ್ನೋ ಆನ್‌ಲೈನ್ ಸೇವೆ, ಅದರ ಬಳಕೆದಾರ ಬರೆದ ಮಾತಿಗೆ ಹೊಣೆ ಅಂದಿತು, ಅದಕ್ಕೆ ಉತ್ತರವಾಗಿ ಅಮೆರಿಕಾ 1996ರಲ್ಲಿ ಸೆಕ್ಷನ್ 230 ತಂದು, ಇನ್ನೊಬ್ಬರು ಬರೆದದ್ದಕ್ಕೆ ಜಾಗ ಕೊಟ್ಟೋನು ಹೊಣೆ ಅಲ್ಲ ಅಂತ ಬರೆದಿಟ್ಟಿತು. ಬ್ರಿಟನ್ ಉಲ್ಟಾ ಹೋಯ್ತು. 1999ರ ಡೆಮನ್ ಇಂಟರ್ನೆಟ್ ಕೇಸಲ್ಲಿ, ದೂರು ಬಂದ ಮೇಲೂ ತೆಗೀದಿದ್ರೆ ನೀವೂ ಪಾಲುದಾರರೇ ಅಂತ ತೀರ್ಪು ಬಂತು. 'ಅಮೆರಿಕಾ ಸರ್ವರ್ ತಗೋ' ಅನ್ನೋ ಸಲಹೆಯ ಬೇರು ಇಲ್ಲೇ ಇರೋದು. 2010ರಲ್ಲಿ ಅಮೆರಿಕಾ ಸ್ಪೀಚ್ ಆಕ್ಟ್ ಅಂತ ಇನ್ನೊಂದು ತಂದು, ಹೊರದೇಶದ ಮಾನಹಾನಿ ತೀರ್ಪು ತನ್ನ ವಾಕ್ ಸ್ವಾತಂತ್ರ್ಯದ ಅಳತೆಗೆ ಹೊಂದದಿದ್ರೆ ತನ್ನ ನೆಲದಲ್ಲಿ ಜಾರಿ ಆಗಲ್ಲ ಅಂದಿತು. ಅದೇ ವರ್ಷ ಐಸ್‌ಲ್ಯಾಂಡ್ ಸಂಸತ್ತು ತನ್ನ ದೇಶವನ್ನ ಪತ್ರಕರ್ತರ ಆಸರೆ ಮಾಡ್ತೀವಿ ಅಂತ ಒಮ್ಮತದ ನಿರ್ಣಯ ಪಾಸ್ ಮಾಡ್ತು. ನಿರ್ಣಯದಲ್ಲಿದ್ದ ಬಹಳಷ್ಟು ಮಾತು ಕಾನೂನಾಗ್ಲೇ ಇಲ್ಲ, ಹೆಸರು ಮಾತ್ರ ಇವತ್ತಿಗೂ ಓಡ್ತಿದೆ.

ದೇಶ ಬದಲಾಯಿಸಿದ್ರೆ ಸಾಕಾ? ಸಾಲ್ದು ಅಂತ 2008ರ ಫೆಬ್ರವರಿಯಲ್ಲೇ ಗೊತ್ತಾಗಿತ್ತು. ಸ್ವಿಸ್ ಬ್ಯಾಂಕೊಂದು ಕ್ಯಾಲಿಫೋರ್ನಿಯಾ ಕೋರ್ಟಿಗೆ ಹೋಗಿ, ಗುಟ್ಟಿನ ದಾಖಲೆ ಹೊರಹಾಕೋ ವಿಕಿಲೀಕ್ಸ್‌ನ ಡೊಮೇನ್ ಹೆಸರನ್ನೇ (ಸೈಟಿನ ವಿಳಾಸವನ್ನೇ) ಬಂದ್ ಮಾಡಿಸ್ತು. ಸರ್ವರ್ ಎಲ್ಲೋ ಇತ್ತು, ಅದಕ್ಕೇನೂ ಆಗ್ಲಿಲ್ಲ, ಹೆಸರು ರಿಜಿಸ್ಟರ್ ಮಾಡಿಕೊಟ್ಟ ಕಂಪನಿ ಅಮೆರಿಕಾದಲ್ಲಿತ್ತು ಅಷ್ಟೇ. ಎರಡು ವಾರದಲ್ಲಿ ಅದೇ ನ್ಯಾಯಾಧೀಶರು ಆದೇಶ ವಾಪಸ್ ತಗೊಂಡ್ರು, ಆ ಹೊತ್ತಿಗೆ ನಕಲು ಸೈಟುಗಳು ಎಲ್ಲೆಲ್ಲೂ ಹುಟ್ಟಿಕೊಂಡಿದ್ವು. 2010ರ ಡಿಸೆಂಬರಲ್ಲಿ ಅದೇ ಸೈಟನ್ನ ಅಮೆಜಾನ್ ತನ್ನ ಸರ್ವರಿಂದ ಇಳಿಸಿದಾಗ ಕೋರ್ಟ್ ಆದೇಶವೇ ಇರ್ಲಿಲ್ಲ. ಸೆಕ್ಷನ್ 230 ಇರೋ ದೇಶದಲ್ಲೇ. ಕಾನೂನು 'ನಿನ್ನ ಮೇಲೆ ಕೇಸ್ ಹಾಕಲ್ಲ' ಅನ್ನಬಹುದು, 'ನೀನು ಇಟ್ಟುಕೊಳ್ಳಲೇಬೇಕು' ಅಂತ ಅದು ಅನ್ನಲ್ಲ. ಬಾಡಿಗೆ ಮನೆ ಓನರ್ ಥರಾನೇ, ಪೊಲೀಸರು ಏನೂ ಅನ್ನದಿದ್ರೂ ಅಕ್ಕಪಕ್ಕದೋರು ಗೊಣಗಿದ್ರೆ ಸಾಕು, ಮುಂದಿನ ತಿಂಗಳು ಖಾಲಿ ಮಾಡಪ್ಪ ಅಂತಾನೆ.

ನಮ್ಮ ದೇಶದ್ದು ಬೇರೆ ದಾರಿ. 2000ದ ಐಟಿ ಕಾಯ್ದೆಯ 79ನೇ ಸೆಕ್ಷನ್ನಲ್ಲಿ ರಕ್ಷಣೆ ಏನೋ ಇತ್ತು, ಆದ್ರೆ ತನಗೆ ಗೊತ್ತಿರ್ಲಿಲ್ಲ, ಇಲ್ಲಾ ಎಚ್ಚರ ವಹಿಸಿದ್ದೆ ಅಂತ ಕಂಪನಿಯೇ ಸಾಬೀತು ಮಾಡ್ಬೇಕಿತ್ತು. 2004ರಲ್ಲಿ ಒಂದು ಹರಾಜು ಸೈಟಿನ ಮುಖ್ಯಸ್ಥರು, ಯಾರೋ ಬಳಕೆದಾರ ಮಾರಾಟಕ್ಕಿಟ್ಟಿದ್ದ ವಿಡಿಯೋಗಾಗಿ ಜೈಲಿಗೆ ಹೋಗಿಬಂದ ಮೇಲೆ ಗದ್ದಲ ಆಗಿ, 2008ರಲ್ಲಿ ತಿದ್ದುಪಡಿ ಆಗಿ, 2009ರ ಅಕ್ಟೋಬರಿಂದ ಹೊಸ ಸೆಕ್ಷನ್ ಜಾರಿಗೆ ಬಂತು. ಓದೋಕೆ ಚೆನ್ನಾಗಿತ್ತು.

ಆಮೇಲೆ ಬಂದದ್ದು 2011ರ ಏಪ್ರಿಲಿನ ನಿಯಮಗಳು, ಇವತ್ತಿನ ಗೋಜಲೆಲ್ಲ ಶುರುವಾಗಿದ್ದು ಅಲ್ಲಿಂದ ಅಂತ ನನ್ನ ಲೆಕ್ಕ. ಯಾರಿಗಾದ್ರೂ ಬೇಜಾರಾಗಿ ಪತ್ರವೋ ಮೇಲೋ ಕಳಿಸಿದ್ರೆ ಹೋಸ್ಟಿಂಗ್ ಕಂಪನಿ 36 ಗಂಟೆ ಒಳಗೆ ಕ್ರಮ ತಗೋಬೇಕು. ಯಾವುದಕ್ಕೆ? 'ಮಾನಹಾನಿಕರ'ದ ಜೊತೆ 'ಅವಹೇಳನಕಾರಿ' ಅನ್ನೋದೂ ಪಟ್ಟಿಯಲ್ಲಿತ್ತು. ಬರೆದವನಿಗೆ ಹೇಳ್ಬೇಕು ಅಂತಿಲ್ಲ, ಅವನ ಮಾತು ಕೇಳ್ಬೇಕು ಅಂತಿಲ್ಲ, ತೆಗೆದದ್ದು ತಪ್ಪಾದ್ರೆ ವಾಪಸ್ ಹಾಕೋ ದಾರಿನೂ ಇಲ್ಲ. ಬೆಂಗಳೂರಿನ ಸೆಂಟರ್ ಫಾರ್ ಇಂಟರ್ನೆಟ್ ಅಂಡ್ ಸೊಸೈಟಿಯೋರು ಇದನ್ನ ಪರೀಕ್ಷೆ ಮಾಡೇಬಿಡೋಣ ಅಂತ, ಬೇಕಂತಲೇ ಹುಳುಕಿಟ್ಟ ದೂರುಗಳನ್ನ ಬರೆದು 7 ಕಂಪನಿಗಳಿಗೆ ಕಳಿಸಿದ್ರು. ದೂರಲ್ಲಿ ಹುರುಳಿದೆಯಾ ಅಂತ ಸರಿಯಾಗಿ ನೋಡದೇ 6 ಕಂಪನಿಗಳು ಬೇಕಾದ್ದಕ್ಕಿಂತ ಜಾಸ್ತಿನೇ ಬಗ್ಗಿದ್ವು. ಅವರನ್ನ ಬೈದು ಪ್ರಯೋಜನ ಇಲ್ಲ ಅನ್ನಿ, ಒಂದು ಗಿರಾಕಿಯಿಂದ ವರ್ಷಕ್ಕೆ ಎರಡು ಮೂರು ಸಾವಿರ ಬರೋ ಕಡೆ, ಒಂದು ನೋಟಿಸ್ ಓದೋಕೆ ವಕೀಲರಿಗೆ ಕೊಡೋ ಫೀಸೇ ಅದಕ್ಕಿಂತ ಜಾಸ್ತಿ ಆಗತ್ತೆ.

2013ರ ಫೆಬ್ರವರಿಯಲ್ಲಿ ಇನ್ನೊಂದು ಆಯ್ತು. ಒಂದು ಮ್ಯಾನೇಜ್ಮೆಂಟ್ ಶಿಕ್ಷಣ ಸಂಸ್ಥೆ ಬಗ್ಗೆ ಟೀಕೆ ಇದ್ದ 70ಕ್ಕೂ ಹೆಚ್ಚು ಲಿಂಕುಗಳನ್ನ ಗ್ವಾಲಿಯರಿನ ಕೋರ್ಟ್ ಆದೇಶದ ಮೇಲೆ ಬ್ಲಾಕ್ ಮಾಡಿದ್ರು, ಅದರಲ್ಲಿ ಯುಜಿಸಿ ಅನ್ನೋ ಸರ್ಕಾರಿ ಸಂಸ್ಥೆಯ ಸ್ವಂತ ಪುಟವೂ ಇತ್ತು! ಸರ್ಕಾರದ ಪುಟವನ್ನ ಸರ್ಕಾರವೇ ಮುಚ್ಚಿಸಿದ ಹಾಗಾಯ್ತು. ಮರುತಿಂಗಳು ಕೇಂದ್ರ ಸರ್ಕಾರ ಸ್ಪಷ್ಟನೆ ಕೊಡ್ತು, 36 ಗಂಟೆ ಅಂದ್ರೆ ತೆಗೆಯೋದಕ್ಕಲ್ಲ, ದೂರು ಸಿಕ್ಕಿದೆ ಅಂತ ಉತ್ತರಿಸೋಕೆ ಅಂತ. ಗ್ರಾಹಕರ ವಿಮರ್ಶೆಗಳ ಸೈಟು ಮೌತ್‌ಶಟ್ ಡಾಟ್ ಕಾಮ್ ಅದೇ ವರ್ಷ ನೋಟಿಸುಗಳಿಂದ ರೋಸಿಹೋಗಿ ಸುಪ್ರೀಂ ಕೋರ್ಟಿಗೇ ಹೋಯ್ತು. ಆ ಅರ್ಜಿನೂ ಸೇರಿದ ಶ್ರೇಯಾ ಸಿಂಘಾಲ್ ತೀರ್ಪು 2015ರ ಮಾರ್ಚ್ 24ಕ್ಕೆ ಬಂತು. ಆನ್‌ಲೈನ್ ಬರಹಕ್ಕೆ ಜೈಲಿಗೆ ಹಾಕ್ತಿದ್ದ ಐಟಿ ಕಾಯ್ದೆಯ 66ಎ ಸೆಕ್ಷನ್ ಹೋಯ್ತು ಅಂತ ಎಲ್ಲರೂ ಪಟಾಕಿ ಹೊಡೆದ್ರು, ಆದ್ರೆ ಹೋಸ್ಟಿಂಗ್ ವಿಷಯದಲ್ಲಿ ಮುಖ್ಯ ಇದ್ದದ್ದು ಇನ್ನೊಂದು ಸಾಲು: ಕೋರ್ಟ್ ಆದೇಶ ಅಥವಾ ಸರ್ಕಾರದ ಸೂಚನೆ ಬಂದ ಮೇಲಷ್ಟೇ ಕಂಪನಿಗೆ 'ಗೊತ್ತಾಯ್ತು' ಅಂತ ಲೆಕ್ಕ. ಅಂದ್ರೆ ಲಾಯರ್ ನೋಟಿಸಿಗೆ ಹೆದರಿ ತೆಗೆಯೋ ಅಗತ್ಯ ಕಾನೂನು ಪ್ರಕಾರ ಇಲ್ಲ. 'ನನ್ನ ಕಕ್ಷಿದಾರರ ಸೂಚನೆ ಮೇರೆಗೆ' ಅಂತ ಶುರುವಾಗೋ ಪತ್ರ ಪತ್ರವೇ ಹೊರತು ಆದೇಶ ಅಲ್ಲ.

ಹಾಗಾದ್ರೆ ಇನ್ನೂ ಯಾಕೆ ಇಳಿಸ್ತಾರೆ? ಒಂದು, ಹೋಸ್ಟಿಂಗ್ ಕಂಪನಿಗಳ ಷರತ್ತುಗಳಲ್ಲೇ ನಮ್ಮ ವಿವೇಚನೆಗೆ ಬಿಟ್ಟಿದ್ದು ಅಂತ ಒಂದು ಸಾಲು ಇರತ್ತೆ, ಯಾರೂ ಓದಲ್ಲ. ಎರಡು, ಜಿಲ್ಲೆಗಳಲ್ಲಿ ಹೋಸ್ಟಿಂಗ್ ಅನ್ನೋದು ನೇರವಾಗಿ ಕಂಪನಿಯಿಂದ ಬರಲ್ಲ, ಡೂಮ್‌ಲೈಟ್ ಸರ್ಕಲ್ (ಕೋಲಾರದ್ದು) ಹತ್ರದ ಡಿಸೈನರ್ ಹುಡುಗ ದೊಡ್ಡ ಕಂಪನಿಯ ರೀಸೆಲರ್ (ಮರುಮಾರಾಟದ) ಅಕೌಂಟ್ ತಗೊಂಡು ಅದರಲ್ಲೇ ಮದುವೆ ಹಾಲ್, ನರ್ಸಿಂಗ್ ಹೋಮ್, ಸಂಘಟನೆ ಎಲ್ಲರ ಸೈಟೂ ಇಟ್ಟಿರ್ತಾನೆ, ಒಬ್ಬರ ಮೇಲೆ ದೂರು ಬಂದು ಅಕೌಂಟ್ ಸಸ್ಪೆಂಡ್ ಆದ್ರೆ ಎಲ್ಲರದ್ದೂ ಹೋಯ್ತು, ಅವನು ಹೆದರದೇ ಇನ್ನೇನು ಮಾಡ್ತಾನೆ. ಮೂರನೇದು ಹೇಳೋಕೆ ಮುಜುಗರ, ಆದ್ರೂ ಹೇಳ್ಬೇಕು. ನಮ್ಮ ಕಡೆ ರೋಲ್‌ಕಾಲ್ ಪತ್ರಿಕೆಗಳ ದೊಡ್ಡ ಪರಂಪರೆನೇ ಇದೆ, ಇವತ್ತು ಬರೆದು ನಾಳೆ ಕವರ್ ತಗೊಂಡು ನಾಡಿದ್ದು ಅಳಿಸೋರು. ಕೆರೆ ಒತ್ತುವರಿ ದಾಖಲೆ ಇಟ್ಟು ಬರೆದವನ ಸೈಟಿಗೂ ಇಂಥವರ ಸೈಟಿಗೂ ಹೈದರಾಬಾದಲ್ಲೋ ಮುಂಬೈಯಲ್ಲೋ ಕೂತ ಸಪೋರ್ಟ್ ಸಿಬ್ಬಂದಿಗೆ ವ್ಯತ್ಯಾಸ ಹೇಗೆ ಗೊತ್ತಾಗ್ಬೇಕು, ಅದೂ ಕನ್ನಡದಲ್ಲಿದ್ರೆ.

ತೀರ್ಪು ಬಂದ ಮೇಲೆ ನೋಟಿಸಿನ ಬಲ ಕಡಿಮೆ ಆಯ್ತಲ್ಲ, ಒತ್ತಡ ಕೋರ್ಟಿನ ಕಡೆ ಹರೀತು. 2016ರಲ್ಲಿ ಸುಪ್ರೀಂ ಕೋರ್ಟ್ ಕ್ರಿಮಿನಲ್ ಮಾನಹಾನಿ ಕಾನೂನನ್ನ ಎತ್ತಿಹಿಡೀತು (ಈಗ ಅದು ಭಾರತೀಯ ನ್ಯಾಯ ಸಂಹಿತೆಯ 356). ಸಿವಿಲ್ ಕೋರ್ಟಲ್ಲಿ ಎದುರುಪಾರ್ಟಿ ಮಾತು ಕೇಳೋ ಮುಂಚೆನೇ ತಾತ್ಕಾಲಿಕ ತಡೆ ತರೋದು ಬೆಂಗಳೂರಲ್ಲಿ ಮಾಮೂಲಾಯ್ತು. 2021ರ ಮಾರ್ಚಲ್ಲಿ ರಾಜ್ಯದ 6 ಮಂತ್ರಿಗಳು 60ಕ್ಕೂ ಹೆಚ್ಚು ಮಾಧ್ಯಮಗಳ ವಿರುದ್ಧ ಅಂಥ ಆದೇಶ ತಂದಿದ್ದು ನೆನಪಿರಬಹುದು. 2024ರ ಮಾರ್ಚಲ್ಲಿ ಬ್ಲೂಮ್‌ಬರ್ಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ವಿಚಾರಣೆಗೆ ಮುಂಚೆ ಹೀಗೆ ಬಾಯಿ ಕಟ್ಟೋದು ಅಸಾಧಾರಣ ಸಂದರ್ಭದಲ್ಲಿ ಮಾತ್ರ ಅಂತ ಕೆಳಗಿನ ಕೋರ್ಟುಗಳಿಗೆ ಹೇಳಿತು. ಹೇಳಿದ ಮುಂದಿನ ವರ್ಷವೇ, 2025ರ ಜುಲೈನಲ್ಲಿ, ಧರ್ಮಸ್ಥಳ ವಿಚಾರಕ್ಕೆ ಬೆಂಗಳೂರಿನ ಸಿವಿಲ್ ಕೋರ್ಟಿಂದ 8,842 ಲಿಂಕು ತೆಗೀರಿ ಅಂತ ಆದೇಶ ಬಂತು. ಹೈಕೋರ್ಟ್ ಆಗಸ್ಟ್ 1ಕ್ಕೆ ಅದನ್ನ ರದ್ದು ಮಾಡಿದ್ದು ಒಂದು ಚಾನೆಲ್ ಹೋಗಿ ಹೋರಾಡಿದ್ದಕ್ಕೆ. ಆ ಲಿಂಕುಗಳಲ್ಲಿ ಹೆಚ್ಚೂಕಡಿಮೆ ಎಲ್ಲವೂ ಯೂಟ್ಯೂಬ್, ಇನ್‌ಸ್ಟಾಗ್ರಾಮ್, ಫೇಸ್‌ಬುಕ್ಕಿನವು ಅನ್ನೋದನ್ನ ಗಮನಿಸಿ, 'ಯೂಟ್ಯೂಬಲ್ಲಿ ಹಾಕು' ಅನ್ನೋರಿಗೆ ಅದೇ ಉತ್ತರ. ಸರ್ಕಾರದ ಸಹಯೋಗ್ ಪೋರ್ಟಲ್ ಮೂಲಕ ಇಲಾಖೆಗಳು ನೇರವಾಗಿ ತೆಗೆಯೋ ಸೂಚನೆ ಕಳಿಸೋದನ್ನ ಎಕ್ಸ್ (ಹಳೇ ಟ್ವಿಟರ್) ಕಂಪನಿ ಪ್ರಶ್ನೆ ಮಾಡಿದಾಗ ಅದೇ ವರ್ಷ ಸೆಪ್ಟೆಂಬರಲ್ಲಿ ನಮ್ಮ ಹೈಕೋರ್ಟ್ ಅರ್ಜಿ ವಜಾ ಮಾಡ್ತು.

ನಡುವೆ 2022ರ ಏಪ್ರಿಲಲ್ಲಿ ಸರ್ಟ್-ಇನ್ ಅನ್ನೋ ಕೇಂದ್ರದ ಸೈಬರ್ ಸುರಕ್ಷತಾ ಸಂಸ್ಥೆ ಒಂದು ಸುತ್ತೋಲೆ ಹೊರಡಿಸ್ತು, ವರ್ಚುವಲ್ ಸರ್ವರ್, ಕ್ಲೌಡ್, ವಿಪಿಎನ್ ಕೊಡೋರು ಗಿರಾಕಿಯ ಹೆಸರು, ವಿಳಾಸ, ಫೋನ್ ನಂಬರ್ 5 ವರ್ಷ ಇಟ್ಟುಕೋಬೇಕು ಅಂತ. ಕೆಲವು ವಿಪಿಎನ್ ಕಂಪನಿಗಳು ಭಾರತದಲ್ಲಿದ್ದ ಸರ್ವರನ್ನೇ ಎತ್ತಿಕೊಂಡು ಹೋದ್ವು. 1867ರ ಮುದ್ರಕನ ಹೆಸರಿನ ನಿಯಮ ಹೊಸ ಬಟ್ಟೆ ಹಾಕ್ಕೊಂಡು ಬಂದ ಹಾಗೆ ಕಾಣತ್ತೆ ನನಗಂತೂ.

ಈಗ ಹೊರದೇಶದ ಹೋಸ್ಟಿಂಗ್ ವಿಷಯಕ್ಕೆ ಬರೋಣ. ಅಮೆರಿಕಾದ ನಿಯರ್ಲಿ ಫ್ರೀ ಸ್ಪೀಚ್, ಐಸ್‌ಲ್ಯಾಂಡಿನ 1984 ಹೋಸ್ಟಿಂಗ್ ಥರದ ಕಂಪನಿಗಳು ಇದಕ್ಕೇ ಹೆಸರುವಾಸಿ, ಬರೀ ಪತ್ರಕ್ಕೆ ಬಗ್ಗಲ್ಲ, ಕೋರ್ಟ್ ಆದೇಶ ತೋರಿಸು ಅಂತಾರೆ. ಆದ್ರೆ ಇವರಿಗೂ ಒಂದು ದೌರ್ಬಲ್ಯ ಇದೆ, ಮಾನಹಾನಿ ಅಂದ್ರೆ ಕೇಳದೋರು ಕಾಪಿರೈಟ್ ಅಂದ್ರೆ ಕೇಳಲೇಬೇಕು. ಅಮೆರಿಕಾದ 1998ರ ಕಾಪಿರೈಟ್ ಕಾಯ್ದೆ ಡಿಎಂಸಿಎ ಪ್ರಕಾರ ದೂರು ಬಂದ್ರೆ ಬೇಗ ತೆಗೀಬೇಕು, ಬರೆದವನು ಪ್ರತಿ-ನೋಟಿಸ್ ಕೊಟ್ಟು, ದೂರು ಕೊಟ್ಟವನು ಕೋರ್ಟಿಗೆ ಹೋಗದಿದ್ರೆ 10ರಿಂದ 14 ಕೆಲಸದ ದಿನದಲ್ಲಿ ವಾಪಸ್ ಹಾಕಬೇಕು. ಹಾಗಾಗಿ ಟೀಕೆಯಲ್ಲಿ ಬಳಸಿದ ಒಂದು ಲೋಗೋ, ಒಂದು ಫೋಟೋ ಹಿಡಿದು ಕಾಪಿರೈಟ್ ದೂರು ಕೊಡೋದು ಪ್ರಪಂಚದೆಲ್ಲೆಡೆ ಹಳೇ ಟ್ರಿಕ್. ಪ್ರತಿ-ನೋಟಿಸಲ್ಲಿ ಹೆಸರು ವಿಳಾಸ ಬರೆದು ಅಮೆರಿಕಾ ಕೋರ್ಟಿನ ವ್ಯಾಪ್ತಿಗೆ ಒಪ್ಪಿದ್ದೀನಿ ಅನ್ನಬೇಕು, ಅಲ್ಲೇ ಅರ್ಧ ಜನ ಸುಮ್ಮನಾಗ್ತಾರೆ. ನಮ್ಮ 2013ರ ಕಾಪಿರೈಟ್ ನಿಯಮದಲ್ಲಾದ್ರೆ 21 ದಿನದೊಳಗೆ ಕೋರ್ಟ್ ಆದೇಶ ತರದಿದ್ರೆ ಪುಟ ವಾಪಸ್ ಹಾಕಬಹುದು, ಇದು ಗೊತ್ತಿರೋರು ಕಡಿಮೆ.

ಸರ್ವರ್ ಐಸ್‌ಲ್ಯಾಂಡಲ್ಲಿದ್ರೂ ಬರೆದವನು ಬಂಗಾರಪೇಟೆಯಲ್ಲೇ ಇರ್ತಾನಲ್ಲ. ಸಮನ್ಸ್ ಬರೋದು ಮನೆಗೆ. ಕಂಪನಿ ಅಲ್ಲಾಡದಿದ್ರೆ ಕೋರ್ಟ್ ಆದೇಶ ಟೆಲಿಕಾಂ ಇಲಾಖೆ ಮೂಲಕ ಇಂಟರ್ನೆಟ್ ಕೊಡೋರಿಗೆ ಹೋಗತ್ತೆ, ಆಗ ಓದುಗನ ಫೋನಲ್ಲೇ ಸೈಟ್ ತೆರೆಯಲ್ಲ. ಮೊದಲು ಒಂದು ಪುಟ ಮಾತ್ರ ಮುಚ್ಚಬಹುದಿತ್ತು. ಈಗ ಎಲ್ಲ ಎಚ್‌ಟಿಟಿಪಿಎಸ್, ಅಂದ್ರೆ ಮಾಹಿತಿ ಗುಪ್ತವಾಗಿ ಓಡೋ ಸೈಟುಗಳು, ಒಳಗಿನ ಪುಟದ ವಿಳಾಸ ಜಿಯೋಗೋ ಏರ್‌ಟೆಲ್‌ಗೋ ಕಾಣಲ್ಲ, ಸೈಟಿನ ಹೆಸರು ಮಾತ್ರ ಕಾಣತ್ತೆ, ಹಾಗಾಗಿ ಒಂದು ಬರಹಕ್ಕೆ ಇಡೀ ಸೈಟೇ ಹೋಗತ್ತೆ. 2017ರ ಆಗಸ್ಟಲ್ಲಿ ಸಿನಿಮಾ ಪೈರಸಿ ತಡೆಯೋಕೆ ಬಂದ ಮದ್ರಾಸ್ ಹೈಕೋರ್ಟ್ ಆದೇಶದ ಜೊತೆ ವೇಬ್ಯಾಕ್ ಮಷೀನ್ ಅನ್ನೋ ಹಳೇ ಪುಟಗಳ ಭಂಡಾರವೇ ನಮ್ಮ ದೇಶದಲ್ಲಿ ಕೆಲವು ದಿನ ಮುಚ್ಚಿತ್ತು. ಬ್ಯಾಕಪ್ ಅಂತ ಅದನ್ನೊಂದನ್ನೇ ನಂಬಿದೋರ ಗತಿ ನೋಡಿ.

2018ರ ಜೂನಲ್ಲಿ ಕೆ.ಸಿ. ವ್ಯಾಲಿ ಯೋಜನೆಯ, ಅಂದ್ರೆ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಮೊದಲ ಸಲ ಕೋಲಾರದ ಲಕ್ಷ್ಮೀಸಾಗರ ಕೆರೆಗೆ ಬಂತು, ಮರುತಿಂಗಳು ನೊರೆ ಎದ್ದಿತು, ವಿಷಯ ಹೈಕೋರ್ಟು ಸುಪ್ರೀಂ ಕೋರ್ಟು ಎರಡನ್ನೂ ಸುತ್ತಿತು. ಆಗ ಊರವರು ತೆಗೆದ ವಿಡಿಯೋ, ಬರೆದ ಟಿಪ್ಪಣಿ ಲೆಕ್ಕವಿಲ್ಲದಷ್ಟು. ಇವತ್ತು ಹುಡುಕಿದ್ರೆ ಬಹಳಷ್ಟು ಸಿಗಲ್ಲ. ಯಾವ ನೋಟಿಸೂ ಬೇಕಾಗ್ಲಿಲ್ಲ ಅದಕ್ಕೆ, ವಾಟ್ಸಾಪಲ್ಲಿ ಬಂತು, ಫೋನ್ ಬದಲಾಯಿಸಿದಾಗ ಹೋಯ್ತು.

ಹಾಗಾಗಿ ಯಾವ ದೇಶ ಅನ್ನೋ ಪ್ರಶ್ನೆಗಿಂತ, ಡೊಮೇನ್ ಒಂದು ಕಂಪನಿಯಲ್ಲಿ, ಸರ್ವರ್ ಇನ್ನೊಂದರಲ್ಲಿ, ಪೂರ್ತಿ ನಕಲು ಪೆನ್‌ಡ್ರೈವಲ್ಲಿ ಇದೆಯಾ ಅಂತ ಕೇಳೋದು ಲಾಯಕ್ಕು. ಡೊಮೇನ್ ಕೈಯಲ್ಲಿದ್ರೆ ಹೋಸ್ಟಿಂಗ್ ಕಂಪನಿ ಕೈಬಿಟ್ಟ ದಿನವೇ ಇನ್ನೊಂದಕ್ಕೆ ತಿರುಗಿಸಬಹುದು, ಡೇಟಾಬೇಸ್ ಇಲ್ಲದ ಸಾದಾ ಪುಟಗಳಾದ್ರೆ ಅರ್ಧ ಗಂಟೆ ಕೆಲಸ. ಮೂಲ ಆರ್‌ಟಿಐ ಉತ್ತರಗಳ ಸ್ಕ್ಯಾನ್ ಜೊತೆಗಿರಲಿ, ಕ್ರಿಮಿನಲ್ ಕೇಸಲ್ಲಿ ನಿಜ ಅನ್ನೋದೊಂದೇ ಸಾಲ್ದು, ಸಾರ್ವಜನಿಕ ಹಿತಕ್ಕೆ ಅನ್ನೋದೂ ಕೋರ್ಟಲ್ಲಿ ತೋರಿಸ್ಬೇಕಾಗತ್ತೆ. ಖಾಸಗಿ ದೂರಾದ್ರೆ ಹೊಸ ನಾಗರಿಕ ಸುರಕ್ಷಾ ಸಂಹಿತೆಯ 223ರ ಪ್ರಕಾರ ಕೇಸ್ ಸ್ವೀಕರಿಸೋ ಮುಂಚೆ ಆರೋಪಿಯ ಮಾತೂ ಕೇಳ್ಬೇಕು, ನಷ್ಟ ಪರಿಹಾರದ ಸಿವಿಲ್ ದಾವೆಗೆ ಒಂದು ವರ್ಷದ ಗಡುವಿದೆ. ಇವೆರಡೂ ಬರೆಯೋರಿಗೆ ಅನುಕೂಲ, ಯಾರೂ ಪ್ರಚಾರ ಮಾಡಲ್ಲ. ಇನ್ನು ನಮ್ಮ ಜಿಲ್ಲೆಯ ಬಹಳಷ್ಟು ಸಂಘಟನೆಗಳ ಡೊಮೇನು ಇವತ್ತಿಗೂ ಸೈಟ್ ಮಾಡಿಕೊಟ್ಟ ಹುಡುಗನ ಜಿಮೇಲಲ್ಲೇ ಇದೆ, ಓಟಿಪಿ ಅವನ ಫೋನಿಗೇ ಹೋಗತ್ತೆ. ಐಸ್‌ಲ್ಯಾಂಡಿಗೆ ದುಡ್ಡು ಕಟ್ಟೋ ಮುಂಚೆ ಅದನ್ನ ನಿಮ್ಮ ಹೆಸರಿಗೆ ಮಾಡಿಸ್ಕೊಳ್ಳಿ.