ಸಿಟ್ಟು ನುಂಗಿಕೊಂಡು ನಗುತ್ತಿರಬೇಕೇ?

ಪ್ರಶ್ನೆ: ಎಂಟು ಜನರ ತಂಡ ನೋಡಿಕೊಳ್ಳುತ್ತೇನೆ. ಬಡ್ತಿ ಸಿಕ್ಕಿ ಏಳು ತಿಂಗಳಾಯಿತು. ‘ಕೆಲಸದಲ್ಲಿ ನಿಮ್ಮತ್ತ ಬೆರಳು ತೋರಿಸುವಂತಿಲ್ಲ, ಆದರೆ ಭಾವನಾತ್ಮಕ ಬುದ್ಧಿಮತ್ತೆ ಸಾಲದು’ ಎಂದು ಮೇಲಧಿಕಾರಿ ಹೇಳಿದ್ದಾರೆ. ತಪ್ಪು ಕಂಡರೆ ನನಗೆ ಸಿಟ್ಟು ಬರುವುದು ನಿಜ. ಇನ್ನು ಮೇಲೆ ಸಿಟ್ಟು ನುಂಗಿಕೊಂಡು ನಗುತ್ತಿರಬೇಕೇ? ಹಾಗೆ ಇದ್ದರೆ ಕೆಲಸ ತೆಗೆಯುವುದು ಹೇಗೆ?

ಉತ್ತರ: ನುಂಗಬೇಡಿ. ನುಂಗಿದ ಸಿಟ್ಟು ಹೊಟ್ಟೆಯೊಳಗೆ ಕೂರುವುದಿಲ್ಲ, ಎದುರಿಗಿರುವವರನ್ನು ತಲುಪಿಯೇ ತೀರುತ್ತದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಜೇಮ್ಸ್ ಗ್ರಾಸ್ ಇದರ ಬಗ್ಗೆ ವರ್ಷಗಟ್ಟಲೆ ಪ್ರಯೋಗ ಮಾಡಿದ್ದಾರೆ. ಭಾವನೆಯನ್ನು ಮುಖದಲ್ಲಿ ತೋರಿಸದೆ ಅದುಮಿಟ್ಟವರ ಮುಖವೇನೋ ಶಾಂತವಾಗಿ ಕಂಡಿತು. ಒಳಗಿನ ಸಂಕಟ ಮಾತ್ರ ಕಡಿಮೆಯಾಗಲಿಲ್ಲ, ದೇಹದ ಉದ್ವೇಗ ಇನ್ನೂ ಏರಿತು, ಆ ಹೊತ್ತಿನಲ್ಲಿ ಕೇಳಿದ್ದು ಸರಿಯಾಗಿ ನೆನಪಿನಲ್ಲೂ ಉಳಿಯಲಿಲ್ಲ. 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಅವರು ಮತ್ತು ಸಂಗಡಿಗರು ಪರಸ್ಪರ ಪರಿಚಯವಿಲ್ಲದ ಇಬ್ಬಿಬ್ಬರನ್ನು ಕೂರಿಸಿ, ಮನ ಕಲಕುವ ಚಿತ್ರವೊಂದನ್ನು ತೋರಿಸಿ, ಅದರ ಬಗ್ಗೆ ಮಾತಾಡಲು ಬಿಟ್ಟರು. ಕೆಲವು ಜೋಡಿಗಳಲ್ಲಿ ಒಬ್ಬರಿಗೆ ಮಾತ್ರ ಭಾವನೆ ಬಚ್ಚಿಡಲು ಗುಟ್ಟಾಗಿ ಹೇಳಿದ್ದರು. ರಕ್ತದೊತ್ತಡ ಏರಿದ್ದು ಏನೂ ಅರಿಯದೆ ಎದುರಿಗೆ ಕೂತಿದ್ದ ಇನ್ನೊಬ್ಬರದ್ದೂ ಹೌದು. ನೀವು ಹಲ್ಲು ಕಚ್ಚಿ ನಗುವಾಗ ನಿಮ್ಮ ಎಂಟು ಜನರಿಗೆ ಆಗುವುದೂ ಇದೇ. ಏನೋ ಸರಿಯಿಲ್ಲ ಎಂದು ಅವರ ಮೈಗೆ ಗೊತ್ತಾಗುತ್ತದೆ, ಏನು ಸರಿಯಿಲ್ಲ ಎಂಬುದು ಮಾತ್ರ ತಿಳಿಯುವುದಿಲ್ಲ.

ಹಾಗಾದರೆ ಭಾವನಾತ್ಮಕ ಬುದ್ಧಿಮತ್ತೆ ಎಂದರೇನು? ಮನಶ್ಶಾಸ್ತ್ರಜ್ಞರಾದ ಪೀಟರ್ ಸಲೋವೆ ಮತ್ತು ಜಾನ್ ಮೇಯರ್ 1990ರಲ್ಲಿ ಈ ಪರಿಕಲ್ಪನೆಯನ್ನು ವಿವರಿಸಿದಾಗ ಹೇಳಿದ್ದು ಹೀಗೆ: ತನ್ನ ಮತ್ತು ಇತರರ ಭಾವನೆಗಳನ್ನು ಗಮನಿಸುವುದು, ಒಂದರಿಂದ ಒಂದನ್ನು ಬೇರೆಯಾಗಿ ಗುರುತಿಸುವುದು, ಆ ಮಾಹಿತಿಯನ್ನು ಯೋಚನೆಗೂ ನಡೆಗೂ ಬಳಸಿಕೊಳ್ಳುವುದು. ‘ಮಾಹಿತಿ’ ಎಂಬ ಪದದ ಮೇಲೆ ಒಂದು ಕ್ಷಣ ನಿಲ್ಲಿ. 1995ರಲ್ಲಿ ಡೇನಿಯಲ್ ಗೋಲ್‌ಮನ್ ಅವರ ಪುಸ್ತಕ ಬಂದು ಈ ಮಾತು ಮನೆಮಾತಾಯಿತು, ಕಚೇರಿಗಳಿಗೂ ನುಗ್ಗಿತು. ಬರುಬರುತ್ತಾ ಅದರ ಅರ್ಥ ‘ಮೃದು ಸ್ವಭಾವ’ ಎಂದು ಸವೆದುಹೋಯಿತು. ನನಗೆ ಇದು ನಿಜಕ್ಕೂ ನೋವಿನ ಸಂಗತಿ. ಮೃದುವಾಗಿದ್ದೂ ಎದುರಿಗಿರುವವರ ಮನಸ್ಸು ಒಂದಿಷ್ಟೂ ಓದಲಾರದ ಮುಖ್ಯಸ್ಥರು ಎಷ್ಟೋ ಜನ ಇದ್ದಾರೆ. ಖಡಕ್ಕಾಗಿದ್ದೂ ತಂಡದ ನಾಡಿ ಬಲ್ಲವರು ಇದ್ದಾರೆ.

ನನ್ನದೇ ಒಂದು ಅನುಭವ ಹೇಳುತ್ತೇನೆ. ಹೊಸದಾಗಿ ತಂಡ ನೋಡಿಕೊಳ್ಳಲು ಶುರು ಮಾಡಿದ್ದ ದಿನಗಳು. ಒಂದು ಸಂಜೆ ಕಿರಿಯ ಸಹೋದ್ಯೋಗಿಯೊಬ್ಬ ಬಂದು ಮೇಜಿನ ಪಕ್ಕ ನಿಂತ. “ಮೇಡಂ, ಗ್ರಾಹಕರಿಗೆ ಹಳೇ ಫೈಲ್ ಹೋಗಿಬಿಟ್ಟಿದೆ” ಎಂದ. ನಾನು ಬೈಯಲಿಲ್ಲ. ಪೆನ್ನು ಕೆಳಗಿಟ್ಟೆ, ದೊಡ್ಡದೊಂದು ಉಸಿರು ಬಿಟ್ಟೆ, “ಸರಿ ಬಿಡಿ, ನಾನೇ ನೋಡ್ತೀನಿ” ಎಂದು ಅವನ ಮುಖವನ್ನೂ ನೋಡದೆ ಕಂಪ್ಯೂಟರಿನತ್ತ ತಿರುಗಿದೆ. ಕೂಗಾಡದೆ ಇದ್ದದ್ದಕ್ಕೆ ಆ ದಿನ ನನಗೆ ನನ್ನ ಮೇಲೆಯೇ ಮೆಚ್ಚುಗೆ ಇತ್ತು. ಮೂರು ವಾರದ ಮೇಲೆ ಅವನ ಕೈಯಿಂದಲೇ ಅದಕ್ಕಿಂತ ದೊಡ್ಡ ತಪ್ಪು ಆಯಿತು. ಅದು ನನಗೆ ಗೊತ್ತಾದದ್ದು ಗ್ರಾಹಕರ ಫೋನ್ ಬಂದಾಗ. ಅವನಿಗೆ ಐದು ದಿನ ಮೊದಲೇ ಗೊತ್ತಿತ್ತು. ಯಾಕೆ ಹೇಳಲಿಲ್ಲ ಎಂದರೆ, “ಅವತ್ತು ನಿಮಗೆ ತುಂಬಾ ಬೇಜಾರಾಗಿತ್ತಲ್ಲ ಮೇಡಂ, ನಾನೇ ಸರಿಮಾಡೋಣ ಅಂತ ಇದ್ದೆ” ಎಂದ. ಆ ಉಸಿರಿನ ಬೆಲೆ ಐದು ದಿನ.

ಒಬ್ಬರನ್ನು ಮುಖ್ಯಸ್ಥರ ಕುರ್ಚಿಯಲ್ಲಿ ಕೂರಿಸಿದ ಮೇಲೆ ಅವರಿಗೆ ಬೇಕಾದ ಮೊದಲ ವಸ್ತು ಕೆಟ್ಟ ಸುದ್ದಿ, ಅದೂ ಬೇಗ. ಭಾವನಾತ್ಮಕ ಬುದ್ಧಿಮತ್ತೆ ಕೆಲಸಕ್ಕೆ ಬರುವುದು ಮುಖ್ಯವಾಗಿ ಇಲ್ಲೇ ಎಂದು ನಾನು ನಂಬಿದ್ದೇನೆ. ಹಾರ್ವರ್ಡ್‌ನ ಸಂಶೋಧಕಿ ಏಮಿ ಎಡ್ಮಂಡ್‌ಸನ್ ಆಸ್ಪತ್ರೆಗಳಲ್ಲಿ ಔಷಧಿ ಕೊಡುವಾಗ ಆಗುವ ತಪ್ಪುಗಳನ್ನು ಅಧ್ಯಯನ ಮಾಡಲು ಹೊರಟಾಗ, ಒಳ್ಳೆಯ ತಂಡಗಳಲ್ಲಿ ತಪ್ಪು ಕಡಿಮೆ ಇರುತ್ತದೆ ಎಂದುಕೊಂಡಿದ್ದರು. ಲೆಕ್ಕ ತಿರುಗುಮುರುಗಾಗಿ ಬಂತು, ಹೊಂದಿಕೆಯಿಂದ ನಡೆಯುವ ತಂಡಗಳಲ್ಲೇ ತಪ್ಪುಗಳ ಸಂಖ್ಯೆ ಹೆಚ್ಚು! ಅಗೆದು ನೋಡಿದಾಗ ಕಾರಣ ಕಂಡಿತು. ಆ ತಂಡಗಳಲ್ಲಿ ಆದ ತಪ್ಪನ್ನು ಹೇಳಿಕೊಳ್ಳುತ್ತಿದ್ದರು, ಉಳಿದ ಕಡೆ ಮುಚ್ಚಿಡುತ್ತಿದ್ದರು. 1999ರ ಪ್ರಬಂಧದಲ್ಲಿ ಅವರು ಬೆಳೆಸಿದ ‘ಮಾನಸಿಕ ಸುರಕ್ಷತೆ’, ಅಂದರೆ ತಪ್ಪು ಹೇಳಿಕೊಂಡರೂ ಇಲ್ಲಿ ಅವಮಾನವಾಗದು ಎಂಬ ತಂಡದವರ ನಂಬಿಕೆ, ಇದೇ ಜಾಡಿನ ವಿಚಾರ. ಮುಂದೆ ಗೂಗಲ್ ಕಂಪನಿ ತನ್ನ 180ಕ್ಕೂ ಹೆಚ್ಚು ತಂಡಗಳನ್ನು ಪರಿಶೀಲಿಸಿದಾಗಲೂ, ಚೆನ್ನಾಗಿ ನಡೆಯುವ ತಂಡಗಳಿಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡದ್ದು ಈ ಸುರಕ್ಷತೆಯೇ.

ನೀವು ಏಳು ತಿಂಗಳ ಹಿಂದೆ ಬಡ್ತಿ ಪಡೆದವರಾದ್ದರಿಂದ ಇನ್ನೊಂದು ವಿಷಯ ಹೇಳಲೇಬೇಕು. ಅಧಿಕಾರ ಬಂದಾಗ ಬೇರೆಯವರ ಕಣ್ಣಿನಿಂದ ನೋಡುವ ಅಭ್ಯಾಸ ತಾನಾಗಿಯೇ ಸಡಿಲವಾಗುತ್ತದೆ. ಮನಶ್ಶಾಸ್ತ್ರಜ್ಞ ಆಡಮ್ ಗಲಿನ್ಸ್ಕಿ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಪ್ರಯೋಗ ಬಲು ಸರಳ. ಕೆಲವರಿಗೆ ತಾವು ಇನ್ನೊಬ್ಬರ ಮೇಲೆ ಅಧಿಕಾರ ಚಲಾಯಿಸಿದ ಸಂದರ್ಭವನ್ನು, ಕೆಲವರಿಗೆ ಇನ್ನೊಬ್ಬರ ಅಧಿಕಾರದಡಿ ಇದ್ದ ಸಂದರ್ಭವನ್ನು ನೆನಪಿಸಿಕೊಳ್ಳಲು ಹೇಳಿದರು. ಆಮೇಲೆ ತಮ್ಮ ಹಣೆಯ ಮೇಲೆ ಇಂಗ್ಲಿಷಿನ ‘ಇ’ ಅಕ್ಷರ ಬರೆದುಕೊಳ್ಳಲು ಹೇಳಿದರು. ಎದುರಿನವರಿಗೆ ಉಲ್ಟಾ ಕಾಣುವಂತೆ, ತಮಗಷ್ಟೇ ನೇರವಾಗಿ ಬರುವಂತೆ ಬರೆದವರು ಅಧಿಕಾರ ನೆನೆದ ಗುಂಪಿನಲ್ಲೇ ಹೆಚ್ಚು. ಕೆಲವೇ ನಿಮಿಷದ ನೆನಪಿಗೇ ಹೀಗಾದರೆ, ದಿನವಿಡೀ ಕೂರುವ ಕುರ್ಚಿ ಏನು ಮಾಡೀತು ಯೋಚಿಸಿ. ಮೊದಲು ಅವರ ಸಾಲಿನಲ್ಲೇ ಕೂತಿದ್ದಾಗ ನಿಮಗೆ ತಾನಾಗಿ ತಿಳಿಯುತ್ತಿದ್ದದ್ದನ್ನು ಈಗ ಕೇಳಿ ತಿಳಿಯಬೇಕು.

ಸಿಟ್ಟು ಬಂದಾಗ ಮಾಡಬೇಕಾದ್ದೇನು? ಮೊದಲು ಅದು ಸಿಟ್ಟೇ ಹೌದೋ ಎಂದು ನೋಡಿಕೊಳ್ಳಿ. ಮೇಲಿನವರಿಗೆ ಏನು ಉತ್ತರ ಕೊಡಲಿ ಎಂಬ ಭಯ, ಹತ್ತು ಸಲ ಹೇಳಿದ್ದನ್ನು ಕೇಳಲಿಲ್ಲವಲ್ಲ ಎಂಬ ಅವಮಾನ, ನಿದ್ದೆಗೆಟ್ಟ ಆಯಾಸ, ಎಲ್ಲವೂ ಹೊರಗೆ ಬರುವಾಗ ಸಿಟ್ಟಿನ ಅಂಗಿ ತೊಟ್ಟೇ ಬರುತ್ತವೆ. ಮನಸ್ಸಿನಲ್ಲೇ ಅದಕ್ಕೆ ಸರಿಯಾದ ಹೆಸರಿಡಿ. ಭಾವನೆಯನ್ನು ಪದದಲ್ಲಿ ಹೇಳಿದಾಗ ಮಿದುಳಿನಲ್ಲಿ ಅಪಾಯದ ಸೂಚನೆಗೆ ಸ್ಪಂದಿಸುವ ಅಮಿಗ್ಡಲಾದ ಚಟುವಟಿಕೆ ತಗ್ಗುತ್ತದೆ ಎಂದು ಮ್ಯಾಥ್ಯೂ ಲೀಬರ್‌ಮನ್ ತಂಡ 2007ರಲ್ಲಿ ತೋರಿಸಿದೆ. ಭಯ ಎಂದು ಗೊತ್ತಾದರೆ ನೀವು ಮಾಡುವ ಕೆಲಸವೇ ಬೇರೆಯಾಗುತ್ತದೆ. ಬೈಯುವ ಬದಲು ಗಡುವು ಎಷ್ಟು ಉಳಿದಿದೆ ಎಂದು ಲೆಕ್ಕ ಹಾಕುತ್ತೀರಿ.

ಆಮೇಲೂ ಅದು ಸಿಟ್ಟೇ ಆಗಿದ್ದರೆ ಹೇಳಿಬಿಡಿ, ಬಾಯಿಬಿಟ್ಟು, ಏಕಾಂತದಲ್ಲಿ. “ನಿಮಗೆ ಜವಾಬ್ದಾರಿಯೇ ಇಲ್ಲ” ಎಂದರೆ ಅವರು ತಮ್ಮ ಮಾನ ಕಾಪಾಡಿಕೊಳ್ಳಲು ನಿಲ್ಲುತ್ತಾರೆ, ಕೆಲಸದ ಮಾತು ಅಲ್ಲಿಗೆ ಮುಗಿಯಿತು. “ಈ ವರದಿ ಮೂರನೇ ಸಲ ತಡವಾಗಿದೆ. ನನಗೆ ಸಿಟ್ಟು ಬಂದಿದೆ, ಯಾಕೆಂದರೆ ಮುಂದಿನ ಇಬ್ಬರು ಇದಕ್ಕಾಗಿ ಕಾದು ಕೂತಿದ್ದಾರೆ. ಎಲ್ಲಿ ಸಿಕ್ಕಿಹಾಕಿಕೊಂಡಿದೆ ಹೇಳಿ” ಎಂದು ನೋಡಿ. ಸಿಟ್ಟು ಅಷ್ಟೇ ಇದೆ, ಬಚ್ಚಿಟ್ಟಿದ್ದು ಏನೂ ಇಲ್ಲ, ಅವರಿಗೆ ಉತ್ತರ ಕೊಡಲು ಜಾಗವಿದೆ. ಯಾರಾದರೂ ತಾವಾಗಿ ಬಂದು ತಪ್ಪು ಒಪ್ಪಿಕೊಂಡಾಗ ಮಾತ್ರ ಮೊದಲ ವಾಕ್ಯ ಬೇರೆ ಇರಲಿ: “ಬೇಗ ಹೇಳಿದ್ದು ಒಳ್ಳೆಯದಾಯಿತು.” ತರಾಟೆ ಅಗತ್ಯವಿದ್ದರೆ ಅದು ಮರುದಿನಕ್ಕೆ ಕಾಯಬಲ್ಲದು.

ಇದನ್ನೆಲ್ಲ ಕಲಿಯಬಹುದೇ ಎಂದರೆ, ತಕ್ಕಮಟ್ಟಿಗೆ ಹೌದು. ತರಬೇತಿಯ ಅಧ್ಯಯನಗಳನ್ನು ಒಟ್ಟುಹಾಕಿ ನೋಡಿದವರು ಸಾಧಾರಣ ಪ್ರಮಾಣದ ಸುಧಾರಣೆ ಕಂಡಿದ್ದಾರೆ. ಒಂದು ದಿನದ ಶಿಬಿರದಲ್ಲಿ ಸ್ವಭಾವ ಬದಲಾಗುತ್ತದೆ ಎನ್ನುವವರನ್ನು ನಂಬಬೇಡಿ.

ಕೊನೆಗೆ ನಿಮ್ಮ ಮೇಲಧಿಕಾರಿಯ ಮಾತು. ‘ಭಾವನಾತ್ಮಕ ಬುದ್ಧಿಮತ್ತೆ ಸಾಲದು’ ಎಂಬುದು ತಿದ್ದಿಕೊಳ್ಳಲು ಆಗದಂಥ ಟೀಕೆ, ಅಷ್ಟಕ್ಕೇ ಬಿಡಬೇಡಿ. ಇನ್ನೊಮ್ಮೆ ಹೋಗಿ, ವಾದಕ್ಕೆ ಇಳಿಯದೆ ಕೇಳಿ: ಯಾವ ದಿನ, ಯಾರ ಮುಂದೆ, ನಾನು ಏನು ಹೇಳಿದೆ? ಅವರು ಒಂದಾದರೂ ಘಟನೆ ನೆನಪಿಸಿಕೊಂಡು ಹೇಳಿದರೆ, ಆ ದಿನ ಅಲ್ಲಿದ್ದ ನಿಮ್ಮ ತಂಡದವರ ಬಳಿ ಹೋಗಿ, “ಅವತ್ತು ನಾನು ಹಾಗೆ ಅಂದಾಗ ನಿಮಗೆ ಹೇಗನ್ನಿಸಿತು?” ಎಂದು ಕೇಳಿ. ಅವರು “ಏನೂ ಇಲ್ಲ ಬಿಡಿ” ಎಂದರೆ ಬಲವಂತ ಮಾಡಬೇಡಿ. ಒಂದೆರಡು ವಾರ ಬಿಟ್ಟು ಮತ್ತೆ ಕೇಳಿ.