ಬಿಲ್ಡುಂಗ್ಸ್‌ರೊಮಾನ್: ಎಳೆಯರು ಬೆಳೆಯುವ ಕಥೆಗೆ ಇರುವ ಹೆಸರು

ಒಬ್ಬ ಹುಡುಗನೋ ಹುಡುಗಿಯೋ ಬೆಳೆದು ದೊಡ್ಡವರಾಗುವುದನ್ನೇ ಕಥೆ ಮಾಡಿಕೊಂಡ ಕಾದಂಬರಿಗೆ ಬಿಲ್ಡುಂಗ್ಸ್‌ರೊಮಾನ್ ಅನ್ನುತ್ತಾರೆ. ಇದು ಜರ್ಮನ್ ಪದ. ಹೇಳುವುದಕ್ಕೆ ನಾಲಿಗೆ ಸ್ವಲ್ಪ ತಡವರಿಸುತ್ತದೆ, ಅರ್ಥ ಮಾತ್ರ ಸುಲಭ. ಇಲ್ಲಿ ದೊಡ್ಡವರಾಗುವುದು ಎಂದರೆ ವಯಸ್ಸು ಏರುವುದಷ್ಟೇ ಅಲ್ಲ. ಮೊದಲ ಪುಟದಲ್ಲಿ ತನ್ನನ್ನೂ ಲೋಕವನ್ನೂ ಒಂದು ರೀತಿ ನೋಡುತ್ತಿದ್ದ ಹುಡುಗ ಕೊನೆಯ ಪುಟದ ಹೊತ್ತಿಗೆ ಬೇರೆ ರೀತಿ ನೋಡುತ್ತಿರಬೇಕು. ಅದು ಹೇಗಾಯಿತು ಅನ್ನುವುದು ಓದುವವರ ಕಣ್ಣೆದುರೇ ನಡೆಯಬೇಕು.

ಕಾರ್ಲ್ ಮಾರ್ಗೆನ್‌ಸ್ಟರ್ನ್ ಎಂಬ ಪ್ರಾಧ್ಯಾಪಕರು 1819ರ ಸುಮಾರಿಗೆ ತಮ್ಮ ಉಪನ್ಯಾಸಗಳಲ್ಲಿ ಈ ಪದ ಬಳಸಿದರು. ಅವರು ಪಾಠ ಹೇಳುತ್ತಿದ್ದ ಡೋರ್ಪಾಟ್ ಊರು ಇವತ್ತು ಎಸ್ಟೋನಿಯಾದ ಟಾರ್ಟು. ಎಷ್ಟೋ ದಶಕಗಳ ನಂತರ ವಿಲ್ಹೆಲ್ಮ್ ಡಿಲ್ಥೈ ಎಂಬ ಚಿಂತಕರು ಅದನ್ನು ಎತ್ತಿಕೊಂಡ ಮೇಲೆಯೇ ಅದು ಎಲ್ಲೆಡೆ ಹರಡಿದ್ದು. ಇಬ್ಬರಿಗೂ ಮಾದರಿಯಾಗಿ ಕಂಡದ್ದು ಜರ್ಮನ್ ಸಾಹಿತಿ ಗಯಟೆ 1795–96ರಲ್ಲಿ ಪ್ರಕಟಿಸಿದ ವಿಲ್ಹೆಲ್ಮ್ ಮೈಸ್ಟರನ ಕಾದಂಬರಿ. ವಿಲ್ಹೆಲ್ಮ್ ವ್ಯಾಪಾರಿಯ ಮಗ. ಅವನಿಗೆ ಅಪ್ಪನ ವ್ಯಾಪಾರ ಬೇಡ, ನಾಟಕದ ಹುಚ್ಚು. ತಂಡ ಕಟ್ಟಿಕೊಂಡು ಅಲೆಯುತ್ತಾನೆ, ಪ್ರೀತಿಸುತ್ತಾನೆ, ಮೋಸಹೋಗುತ್ತಾನೆ. ಕೊನೆಗೆ ತಾನು ನಟನಾಗಲು ಹುಟ್ಟಿದವನಲ್ಲ ಅನ್ನುವುದು ಅವನಿಗೇ ಗೊತ್ತಾಗುತ್ತದೆ. ಗುರಿ ಮುಟ್ಟಿದವನ ಕಥೆ ಇದಲ್ಲ, ಗಮನಿಸಿ. ತನ್ನ ಕನಸು ತನ್ನದಲ್ಲ ಎಂದು ತಿಳಿದವನ ಕಥೆ.

ಇಂಗ್ಲಿಷ್ ಕಾದಂಬರಿಕಾರ ಡಿಕನ್ಸ್ 1860–61ರಲ್ಲಿ ಬರೆದ ಪಿಪ್ ಎಂಬ ಹುಡುಗನ ಕಥೆಯೂ ಹೀಗೇ. ಹಳ್ಳಿಯ ಕಮ್ಮಾರನ ಮನೆಯಲ್ಲಿ ಬೆಳೆದ ಪಿಪ್‌ಗೆ ಯಾರೋ ಹಣ ಕಳಿಸುತ್ತಾರೆ. ಅವನು ಲಂಡನ್ ಸೇರಿ ದೊಡ್ಡ ಮನುಷ್ಯನಾಗುತ್ತಾನೆ. ತನ್ನನ್ನು ಸಾಕಿದ ಆ ಕಮ್ಮಾರ ಜೋನನ್ನು ಕಂಡರೆ ನಾಚಿಕೆಪಡುತ್ತಾನೆ. ಹಣ ಕಳಿಸಿದವನು ಒಬ್ಬ ಕೈದಿ ಎಂದು ತಿಳಿದಾಗ ಮೊದಲು ಅಸಹ್ಯವಾಗುತ್ತದೆ. ಆಮೇಲೆ ಆ ಕೈದಿ ಸಾಯುವಾಗ ಅವನ ಕೈ ಹಿಡಿದು ಪಕ್ಕದಲ್ಲಿ ಕೂತಿರುವವನೂ ಪಿಪ್ಪೇ. ಈ ಎರಡರ ನಡುವಿನ ದೂರವೇ ಅವನ ಬೆಳವಣಿಗೆ.

ನಮ್ಮಲ್ಲಿ ಒಂದು ಮಾತು ಸುಲಭವಾಗಿ ಬರುತ್ತದೆ: ಕಷ್ಟಪಟ್ಟರೆ ತಾನಾಗೇ ಬುದ್ಧಿ ಬರುತ್ತದೆ ಅಂತ. ಈ ಪ್ರಕಾರದ ಒಳ್ಳೆಯ ಕಾದಂಬರಿ ಯಾವುದೂ ಹಾಗೆ ಹೇಳುವುದಿಲ್ಲ. ಕಷ್ಟ ಎಷ್ಟೋ ಜನರನ್ನು ಮುರಿದುಹಾಕುತ್ತದೆ, ಕೆಲವರನ್ನು ಕಲ್ಲು ಮಾಡುತ್ತದೆ. ಬೆಳವಣಿಗೆ ಶುರುವಾಗುವುದು ಆ ಕಷ್ಟದ ಮಧ್ಯೆ ಎಳೆಯರು ತಾವೇ ಒಂದು ತೀರ್ಮಾನ ಮಾಡಿ, ಅದರ ಫಲವನ್ನು ತಾವೇ ಹೊತ್ತಾಗ. ಅದಕ್ಕೇ ನನಗೆ ಈ ಪದ ಮುಖ್ಯ ಅನ್ನಿಸುವುದು.

ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ಯಲ್ಲಿ ಇದು ತುಂಬಾ ಚೆನ್ನಾಗಿ ಕಾಣುತ್ತದೆ. ಕಡಲ ತೀರದ ಒಂದು ಮನೆಯ ಮೂರು ತಲೆಮಾರಿನ ಕಥೆ ಅದು. ನಡುವಿನವನು ಲಚ್ಚ. ಮಗ ಇಂಗ್ಲಿಷ್ ಓದಿ ಮೇಲೆ ಬರಲಿ ಎಂದು ಅಪ್ಪ ರಾಮ ಐತಾಳರು ಅವನನ್ನು ಓದಿಸುತ್ತಾರೆ. ಓದಲು ಹೋದಲ್ಲಿ ಅವನಿಗೆ ಕೆಟ್ಟ ಚಾಳಿ ಹತ್ತುತ್ತದೆ. ಮನೆಯವರ ದುಡಿಮೆಯನ್ನೆಲ್ಲ ಕರಗಿಸುತ್ತಾನೆ, ಹೆಂಡತಿ ನಾಗವೇಣಿಯ ಬಾಳನ್ನು ಹಾಳು ಮಾಡುತ್ತಾನೆ. ಅವನಿಗೆ ವಯಸ್ಸಾಗುತ್ತದೆ, ಅಷ್ಟೇ. ಅವನ ಮಗನ ಹೆಸರೂ ರಾಮ. ಇವನು ಮದರಾಸಿಗೆ ಓದಲು ಹೋಗಿ ಸ್ವಾತಂತ್ರ್ಯ ಚಳವಳಿಗೆ ಇಳಿಯುತ್ತಾನೆ, ಜೈಲು ಸೇರುತ್ತಾನೆ. ಮುಂದೆ ಮುಂಬಯಿಯಲ್ಲಿ ಕೆಲಸಕ್ಕೆ ಅಲೆದು ಸೋತು ಊರಿಗೆ ಬರುತ್ತಾನೆ. ಅಪ್ಪ ಕಳೆದುಕೊಂಡ ನೆಲದಲ್ಲೇ ಬದುಕು ಕಟ್ಟಬೇಕು ಎಂದು ನಿಲ್ಲುತ್ತಾನೆ. ಒಂದೇ ಮನೆ, ಇಬ್ಬರಿಗೂ ಓದು ಸಿಕ್ಕಿತು, ಇಬ್ಬರೂ ಊರು ಬಿಟ್ಟವರು. ಬೇರೆಯಾದದ್ದು ಅವರು ಮಾಡಿಕೊಂಡ ಆಯ್ಕೆ. ಯುರೋಪಿನ ಇಂಥ ಕಥೆಗಳಲ್ಲಿ ಹುಡುಗ ಹೆಚ್ಚಾಗಿ ಊರು ಬಿಟ್ಟು ಪಟ್ಟಣದಲ್ಲಿ ತನ್ನ ಜಾಗ ಹುಡುಕುತ್ತಾನೆ. ಇಲ್ಲಿ ರಾಮನಿಗೆ ಜಾಗ ಸಿಕ್ಕಿದ್ದು ವಾಪಸ್ ಬಂದ ಮೇಲೆ.

ಸಿನಿಮಾದಲ್ಲಿ ನೋಡಬೇಕೆಂದರೆ 1985ರ ‘ಬೆಟ್ಟದ ಹೂವು’ ಇದೆ. ಎನ್. ಲಕ್ಷ್ಮೀನಾರಾಯಣ್ ನಿರ್ದೇಶನದ ಈ ಚಿತ್ರದ ರಾಮು ಪಾತ್ರಕ್ಕೆ ಪುನೀತ್ ರಾಜ್‌ಕುಮಾರ್ ಅವರಿಗೆ ಅತ್ಯುತ್ತಮ ಬಾಲನಟ ರಾಷ್ಟ್ರಪ್ರಶಸ್ತಿ ಬಂತು. ರಾಮುಗೆ ಓದಿನ ಆಸೆ. ಕುವೆಂಪು ಅವರ ‘ಶ್ರೀ ರಾಮಾಯಣ ದರ್ಶನಂ’ ಕೊಳ್ಳಬೇಕೆಂದು ಕಾಡಿನ ಹೂವು ತಂದು ಮಾರಿ ದುಡ್ಡು ಕೂಡಿಡುತ್ತಾನೆ. ದುಡ್ಡು ಕೈಗೆ ಬಂದಾಗ ಮನೆಯವರಿಗೆ ಕಂಬಳಿ ಕೊಳ್ಳುತ್ತಾನೆ. ಯಾರೂ ಅವನನ್ನು ಒತ್ತಾಯಿಸುವುದಿಲ್ಲ. ಅಷ್ಟು ಆಸೆಪಟ್ಟ ಪುಸ್ತಕವನ್ನು ಬಿಡುವ ಆ ಗಳಿಗೆಯಲ್ಲಿ ಮಗು ದೊಡ್ಡವನಾಗಿಬಿಡುತ್ತಾನೆ. ಇದು ನೋಡುವವರಿಗೆ ಹೆಮ್ಮೆಯಷ್ಟೇ ಸಂಕಟವನ್ನೂ ತರುತ್ತದೆ. ಅಷ್ಟು ಚಿಕ್ಕ ವಯಸ್ಸಿಗೆ ಯಾಕೆ ಈ ಭಾರ ಅನ್ನಿಸುತ್ತದೆ, ಅಲ್ವಾ?

ಈ ಪ್ರಶ್ನೆ ಕಥೆಯಿಂದ ನೇರ ಬದುಕಿಗೆ ಬರುತ್ತದೆ. ಎರಿಕ್ ಎರಿಕ್‌ಸನ್ ಎಂಬ ಮನಃಶಾಸ್ತ್ರಜ್ಞರು ಹರೆಯವನ್ನು ‘ನಾನು ಯಾರು’ ಎಂದು ಹುಡುಕುವ ವಯಸ್ಸು ಎಂದರು. ಆ ಹುಡುಕಾಟಕ್ಕೆ ಸಮಾಜ ಒಂದಿಷ್ಟು ಬಿಡುವು ಕೊಡಬೇಕು ಎಂಬುದು ಅವರ ವಾದ. ದೊಡ್ಡವರ ಜವಾಬ್ದಾರಿ ಪೂರ್ತಿ ಹೆಗಲಿಗೆ ಬೀಳುವ ಮೊದಲು ಅದೂ ಇದೂ ಮಾಡಿ ನೋಡುವ, ಎಡವಿದರೂ ಪರವಾಗಿಲ್ಲ ಅನ್ನುವ ಕಾಲ ಅದು. ವಿಲ್ಹೆಲ್ಮ್ ಮೈಸ್ಟರನಿಗೆ ಅದು ಧಾರಾಳವಾಗಿ ಸಿಕ್ಕಿತು, ಅಪ್ಪನ ಹತ್ತಿರ ದುಡ್ಡಿತ್ತು. ನಮ್ಮಲ್ಲಿ ಎಷ್ಟು ಮಕ್ಕಳಿಗೆ ಸಿಗುತ್ತದೆ? ಹಿಂದೆ ಓದುವ ಆಸೆಯ ಬಡ ಹುಡುಗರು ವಾರಾನ್ನ ಮಾಡುತ್ತಿದ್ದರು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು. ಆ ಏರ್ಪಾಡೂ ಎಲ್ಲ ಜಾತಿಯ ಮಕ್ಕಳಿಗೆ ತೆರೆದಿರಲಿಲ್ಲ. ಮಠಗಳ ಉಚಿತ ವಸತಿ, ಸರ್ಕಾರಿ ಹಾಸ್ಟೆಲ್‌ಗಳು ಬಂದ ಮೇಲೆ ಎಷ್ಟೋ ಮನೆಗಳ ಮೊದಲ ತಲೆಮಾರಿನ ಮಕ್ಕಳಿಗೆ ಒಂದಿಷ್ಟು ಬಿಡುವು ಸಿಕ್ಕಿತು. ಎಸ್ಸೆಸ್ಸೆಲ್ಸಿ ಫೇಲಾದ ಮಗುವಿಗೆ ಸುಮ್ನೆ ‘ಧೈರ್ಯ ತಗೋ’ ಅಂದರೆ ಸಾಲದು. ಮತ್ತೆ ಪರೀಕ್ಷೆ ಕಟ್ಟಲು ಅವಕಾಶ, ಊಟ, ಜೊತೆಗೊಬ್ಬರು ಮೇಷ್ಟ್ರು ಬೇಕು.

ಸಿದ್ದಲಿಂಗಯ್ಯನವರ ಆತ್ಮಕಥೆ ‘ಊರುಕೇರಿ’ ಕಾದಂಬರಿಯಲ್ಲ, ಆದರೆ ಈ ಮಾತಿಗೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಸಿಗುವುದು ಕಷ್ಟ. ಹೊಲದಲ್ಲಿ ಎತ್ತಿನ ಜಾಗದಲ್ಲಿ ಇಬ್ಬರು ಮನುಷ್ಯರು ನೊಗ ಹೊತ್ತಿದ್ದಾರೆ. ನೋಡುತ್ತಿರುವ ಹುಡುಗನಿಗೆ ಗೊತ್ತು, ಅವರಲ್ಲೊಬ್ಬ ತನ್ನ ಅಪ್ಪ. ಮಾಗಡಿ ಕಡೆಯ ಆ ಹುಡುಗ ಬೆಂಗಳೂರಿಗೆ ಬರುತ್ತಾನೆ, ಹಾಸ್ಟೆಲ್ ಸೇರುತ್ತಾನೆ, ಓದಿಗೆ ಜಾಗ ಹುಡುಕಿ ಸ್ಮಶಾನಕ್ಕೂ ಹೋಗುತ್ತಾನೆ. 1975ರಲ್ಲಿ ಅವರ ಕವನ ಸಂಕಲನ ‘ಹೊಲೆಮಾದಿಗರ ಹಾಡು’ ಬರುತ್ತದೆ. ಇಷ್ಟು ನೋವನ್ನು ಅವರು ನಗುನಗುತ್ತಾ ಹೇಳುತ್ತಾರೆ. ಆ ನಗುವನ್ನು ಕಷ್ಟ ಕೊಟ್ಟಿದ್ದಲ್ಲ, ಅವರು ಕಷ್ಟದ ಎದುರು ಕಟ್ಟಿಕೊಂಡಿದ್ದು.

ಈ ಪದದ ದೊಡ್ಡ ಕೊರತೆ ಹುಡುಗಿಯರ ವಿಷಯದಲ್ಲಿದೆ. ಹಳೆಯ ವ್ಯಾಖ್ಯೆ ಪೂರ್ತಿ ಊರು ಬಿಟ್ಟು ತಿರುಗಬಲ್ಲ ಗಂಡುಮಕ್ಕಳನ್ನು ನೋಡಿ ಮಾಡಿದ್ದು. ಹೊಸ್ತಿಲು ದಾಟಲು ಬಿಡದ ಮನೆಯಲ್ಲಿ ಹೆಣ್ಣುಮಗಳು ಬೆಳೆಯುವುದು ಹೇಗೆ? ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ (1976) ಓದಿ. ಮಲೆನಾಡಿನ ಈ ಹುಡುಗಿಗೆ ಬುದ್ಧಿ ಬಲಿಯುವ ಮೊದಲೇ ಮದುವೆಯಾಗುತ್ತದೆ, ಗಂಡ ಸಾಯುತ್ತಾನೆ, ಮುಂದೆ ತಲೆ ಬೋಳಿಸುತ್ತಾರೆ. ಅವಳಿಗೆ ಅಲೆದಾಟವಿಲ್ಲ, ಬಿಡುವಿಲ್ಲ, ಆಯ್ಕೆಯೂ ಇಲ್ಲ. ಇಡೀ ಆಯಸ್ಸು ಮನೆಯವರ ಸೇವೆಯಲ್ಲೇ ಕಳೆಯುತ್ತದೆ. ಆದರೂ ಅವಳು ಎಲ್ಲವನ್ನೂ ನೋಡುತ್ತಿರುತ್ತಾಳೆ, ಒಳಗೊಳಗೇ ತೂಗುತ್ತಿರುತ್ತಾಳೆ. ಎಷ್ಟೋ ವರ್ಷಗಳ ಮೇಲೆ ದಾಕ್ಷಾಯಿಣಿ ಎಂಬ ಎಳೆಯ ವಿಧವೆ ತಲೆ ಬೋಳಿಸಿಕೊಳ್ಳಲಾರೆ ಎಂದು ಹಟ ಹಿಡಿದಾಗ, ಮಡಿ ಹೆಂಗಸಾದ ಫಣಿಯಮ್ಮ ನಿಲ್ಲುವುದು ಅವಳ ಪರವಾಗಿ. ತನಗೆ ಸಿಗದ ಆಯ್ಕೆ ಇನ್ನೊಬ್ಬಳಿಗೆ ಸಿಗಲಿ ಅನ್ನುತ್ತಾಳೆ. ಆ ಹೊತ್ತಿಗೆ ಅವಳಿಗೆ ವಯಸ್ಸಾಗಿದೆ, ಹಾಗಾಗಿ ಈ ಪದದ ಹಳೆಯ ವ್ಯಾಖ್ಯೆಗೆ ಸರಿಯಾಗಿ ಹೊಂದದೇ ಇರಬಹುದು. ನಾನಂತೂ ಬಿಲ್ಡುಂಗ್ಸ್‌ರೊಮಾನ್ ಎಂದರೇನು ಎಂದು ಕೇಳುವ ಕನ್ನಡದ ಓದುಗರಿಗೆ ವಿಲ್ಹೆಲ್ಮ್ ಮೈಸ್ಟರನಿಗಿಂತ ಮೊದಲು ಫಣಿಯಮ್ಮನನ್ನೇ ಓದಲು ಹೇಳುತ್ತೇನೆ.