‘ನಿಮ್ಮ ಗಾಡಿ, ನಿಮ್ಮ ಜವಾಬ್ದಾರಿ’: ಈ ಬೋರ್ಡಿಗೆ ಬಲ ಎಷ್ಟು?

ಕಾರವಾರದಲ್ಲಿ ಬಾಡಿಗೆ ಮನೆ ಹುಡುಕಿದವರಿಗೆ ಈ ಮಾತು ಹೊಸದಲ್ಲ. ಗೇಟಿನ ಬೋರ್ಡಿನಲ್ಲೋ, 11 ತಿಂಗಳ ಕರಾರುಪತ್ರದ ಕೊನೆಯಲ್ಲೋ ಇರುತ್ತದೆ: ವಾಹನಕ್ಕೆ ಏನೇ ಆದರೂ ಮನೆ ಮಾಲೀಕರು ಹೊಣೆಯಲ್ಲ. ಕಾನೂನು ಪರೀಕ್ಷೆಯಲ್ಲಿ ಇದು ಬಂದರೆ ‘ಸಹಿ ಹಾಕಿದ್ದಾನಲ್ಲ, ಮುಗೀತು’ ಎಂದು ಬರೆದುಬಿಡಬೇಡಿ. ಆ ಸಾಲನ್ನು ಓದುವ ಮೊದಲು ಕೇಳಬೇಕಾದ್ದು ಎರಡು. ಕೀ ಯಾರ ಹತ್ತಿರ ಇತ್ತು? ಅಪಾಯ ಯಾರಿಗೆ ಗೊತ್ತಿತ್ತು?

ಮೊದಲು ಕೀ. 1872ರ ಕರಾರು ಕಾಯ್ದೆಯ 148ನೇ ಕಲಂ ಬೇಲ್‌ಮೆಂಟ್ ಬಗ್ಗೆ ಹೇಳುತ್ತದೆ. ಒಂದು ಉದ್ದೇಶಕ್ಕೆ ವಸ್ತುವನ್ನು ಇನ್ನೊಬ್ಬರ ಕೈಗೆ ಒಪ್ಪಿಸುವುದು, ಕೆಲಸ ಮುಗಿದ ಮೇಲೆ ವಾಪಸ್ ಪಡೆಯುವುದು. ಸಾಮಾನ್ಯ ವಿವೇಕ ಇರುವವರು ತಮ್ಮದೇ ಅಂಥ ವಸ್ತುವನ್ನು ನೋಡಿಕೊಳ್ಳುವಷ್ಟು ಜತನವನ್ನು ಹಾಗೆ ಪಡೆದವರು ಮಾಡಬೇಕು ಎನ್ನುವುದು 151ನೇ ಕಲಂ. ಬಾಡಿಗೆದಾರ ತಾನೇ ಕಾರು ನಿಲ್ಲಿಸಿ ಕೀ ಜೇಬಿಗೆ ಹಾಕಿಕೊಂಡರೆ ಇಲ್ಲಿ ಒಪ್ಪಿಸಿದ್ದು ಏನೂ ಇಲ್ಲ. ಜಾಗ ಬಳಸಿಕೊಂಡ, ಅಷ್ಟೇ. ರಾತ್ರಿ ಯಾರೋ ಗೀಚಿ ಹೋದರೆ ಮಾಲೀಕರನ್ನು ಹಿಡಿಯುವುದು ಕಷ್ಟ.

ಆದರೆ ನಮ್ಮ ಕಡೆಯ ಕಿರಿದಾದ ಕಂಪೌಂಡ್ ನೆನಪಿಸಿಕೊಳ್ಳಿ. ಒಂದರ ಹಿಂದೆ ಒಂದು ಎರಡು ಕಾರು. ‘ಕೀ ಇಲ್ಲೇ ಇಟ್ಟು ಹೋಗಿ, ಬೆಳಿಗ್ಗೆ ನಾನೇ ತೆಗೆದಿಡ್ತೇನೆ’ ಎನ್ನುತ್ತಾರೆ ಮಾಲೀಕರು. ಒಳ್ಳೆ ಮನಸ್ಸಿನಿಂದ ಆಡಿದ ಮಾತೇ, ಆದರೆ ಹೊಣೆ ಅಲ್ಲಿಂದಲೇ ಶುರುವಾಗುತ್ತದೆ.

ಇದಕ್ಕೆ ಓದಬೇಕಾದ ತೀರ್ಪು ತಾಜ್ ಮಹಲ್ ಹೋಟೆಲ್ ವಿರುದ್ಧ ಯುನೈಟೆಡ್ ಇಂಡಿಯಾ ಇನ್ಶೂರೆನ್ಸ್, ಸುಪ್ರೀಂ ಕೋರ್ಟ್, 2019. 1998ರಲ್ಲಿ ದೆಹಲಿಯ ಹೋಟೆಲಿನ ವ್ಯಾಲೆ ಪಾರ್ಕಿಂಗ್‌ನಿಂದ (ಕೀ ಪಡೆದು ನೌಕರರೇ ಕಾರು ನಿಲ್ಲಿಸುವ ವ್ಯವಸ್ಥೆ) ಮಾರುತಿ ಝೆನ್ ಕಳುವಾಗಿತ್ತು. ಟೋಕನ್ ಮೇಲೆ ‘ಹೊಣೆ ಅತಿಥಿಯದೇ’ ಎಂದು ಅಚ್ಚಾಗಿತ್ತು. ಕಾರು ಕೈಗೆ ಪಡೆದ ಮೇಲೆ ಹೋಟೆಲು, ತನ್ನ ಅಥವಾ ತನ್ನ ನೌಕರರ ನಿರ್ಲಕ್ಷ್ಯಕ್ಕೆ ಆ ಸಾಲನ್ನು ಅಡ್ಡ ಹಿಡಿಯಲು ಆಗುವುದಿಲ್ಲ ಎಂದಿತು ಕೋರ್ಟು. ಇದು ಹೋಟೆಲಿನ ತೀರ್ಪು, ಬಾಡಿಗೆ ಮನೆಗೆ ಸುಮ್ನೆ ತಂದು ಅಂಟಿಸಬೇಡಿ. ಕೀ ಕೊಟ್ಟ ಸಂದರ್ಭಕ್ಕೆ ಮಾತ್ರ ಹೋಲಿಸಿ ವಾದ ಕಟ್ಟಿ.

ಇನ್ನು ಅಪಾಯದ ವಿಷಯ. ಕರಾವಳಿಯಲ್ಲಿ ಇದೇ ಜಾಸ್ತಿ ರಗಳೆ. ಪಾರ್ಕಿಂಗ್ ಅಂತ ತೋರಿಸಿದ ಜಾಗದ ಮೇಲೇ ತೆಂಗಿನ ಮರ. ಏಪ್ರಿಲ್‌ನಲ್ಲೇ ಬಾಡಿಗೆದಾರ ಹೇಳಿದ್ದಾನೆ, ‘ಆ ಒಣಗಿದ ಮಡಲು ತೆಗೆಸಿ ಮಾರಾಯ್ರೆ.’ ಮಾಲೀಕರದ್ದು ಒಂದೇ ಉತ್ತರ: ‘ಮರ ಹತ್ತುವವರು ಸಿಗಲಿ, ತೆಗೆಸುವಾ.’ ಜೂನ್ ಗಾಳಿಗೆ ಮಡಲು ಕಾಯಿ ಸಮೇತ ಬಾನೆಟ್ ಮೇಲೆ. ಗಾಳಿ ದೇವರ ಆಟ ಇರಬಹುದು, ಆದರೆ ಎರಡು ತಿಂಗಳು ಸುಮ್ಮನಿದ್ದದ್ದು ಅಲ್ಲ, ಅಲ್ವಾ? ಇದೇ ಮಡಲು ಹಸಿಯಾಗಿದ್ದು, ಯಾರಿಗೂ ಅನುಮಾನ ಬರದಂತಿದ್ದು, ಬಿರುಗಾಳಿಗೆ ಮುರಿದಿದ್ದರೆ ಮಾಲೀಕರ ವಾದ ಗಟ್ಟಿ. ಮಳೆಗೆ ಬುಡ ಸಡಿಲವಾದ ಚಿರೆಕಲ್ಲಿನ ಕಂಪೌಂಡಿಗೂ ಇದೇ ಲೆಕ್ಕ. ಜೊತೆಗೆ 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108(ಎ) ನೋಡಿಕೊಳ್ಳಿ. ತನಗೆ ಗೊತ್ತಿದ್ದು, ಬಾಡಿಗೆದಾರನ ಕಣ್ಣಿಗೆ ಬೀಳದ ದೊಡ್ಡ ದೋಷವಿದ್ದರೆ ಮಾಲೀಕರು ಹೇಳಬೇಕು. ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ ಮಾತ್ರ ಇದು ಅನ್ವಯ.

ಹಾಗಾದರೆ ಮಾಲೀಕರಿಗೆ ದಾರಿ ಯಾವುದು? ‘ಏನೇ ಆದರೂ’ ಎನ್ನುವ ಅಗಲವಾದ ಸಾಲಿಗಿಂತ ಕಿರಿದಾದ ಸಾಲೇ ಮೇಲು ಎಂದು ನನಗನಿಸುತ್ತದೆ. ಯಾವ ಜಾಗ ಎಂದು ಗುರುತಿಸಿ. ಕೀ ಬಾಡಿಗೆದಾರನ ಹತ್ತಿರವೇ ಇರಬೇಕು, ಕಾವಲು ಇಲ್ಲ, ಹೊರಗಿನವರ ಕಳವು ಮತ್ತು ಬಿರುಗಾಳಿಯ ಹಾನಿ ಮಾಲೀಕರದಲ್ಲ ಎಂದು ಬರೆಯಿರಿ. ರಿಪೇರಿ ದೂರನ್ನು ಬರಹದಲ್ಲಿ ಕೊಡಬೇಕು ಎನ್ನಿ. ದೂರು ಬಂದ ಮೇಲೆ ಮರ ಹತ್ತುವವರನ್ನು ಹುಡುಕಿ!

ವಿಮೆಯದ್ದು ಬೇರೆ ಕಥೆ. ಕಾನೂನು ಕಡ್ಡಾಯ ಮಾಡಿದ ಥರ್ಡ್ ಪಾರ್ಟಿ ಪಾಲಿಸಿಯಿಂದ ಸ್ವಂತ ಬಾನೆಟ್‌ಗೆ ಬಿಡಿಗಾಸೂ ಬರುವುದಿಲ್ಲ. ಸ್ವಂತ ಹಾನಿಯ ಪಾಲಿಸಿ ಇದ್ದು ಕಂಪನಿ ಹಣ ಕೊಟ್ಟಿತು ಅಂದುಕೊಳ್ಳಿ, ಮಾಲೀಕರು ಆಗಲೂ ನಿರಾಳ ಅಲ್ಲ. ಬಾಡಿಗೆದಾರನ ಹಕ್ಕು ಕಂಪನಿಗೆ ಬರುತ್ತದೆ, ಅದು ತಪ್ಪು ಮಾಡಿದವರ ಮೇಲೆ ವಸೂಲಿಗೆ ಹೋಗಬಹುದು. ತಾಜ್ ಪ್ರಕರಣದಲ್ಲೂ ಹೋಟೆಲಿನ ಎದುರು ನಿಂತದ್ದು ವಿಮಾ ಕಂಪನಿಯೇ.